ನೀಲಿಯ ಕೈಯಲ್ಲಿ ನನ್ನ ಧ್ವನಿ

ನನ್ನ ಧ್ವನಿಗೆ ನಾನೇ ಹೆದರುತ್ತೇನೆ. ಅದು ನನ್ನ ಬಾಯಿಂದ ಬರುವಾಗ ಅಲ್ಲ. ಆಗ ಹೆದರುವವರು ಬೇರೆಯವರು. ನಾನು ಬಾಯಿ ಮುಚ್ಚಿಕೊಂಡು ತೊಗರಿಬೇಳೆ ಹಸನು ಮಾಡುತ್ತ ಕೂತಿರುವಾಗ ಒಳಮನೆಯಿಂದ ಬರುತ್ತದಲ್ಲ, ಆಗ. "ಅಕ್ಕಾ, ಚಹಾ ಮಾಡು" ಎಂದು ನನ್ನದೇ ಧ್ವನಿ ನನಗೆ ಹುಕುಂ ಮಾಡುತ್ತದೆ. ಮೊದಲ ದಿನ ಕೇಳಿದಾಗ, ಇಷ್ಟು ವರ್ಷ ಈ ಮನೆಯವರು ಇದನ್ನು ಹೇಗೆ ತಡೆದುಕೊಂಡರೋ ಅನ್ನಿಸಿತು.

ನನ್ನ ತಂಗಿ ನೀಲಮ್ಮನಿಗೆ ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋದವು. ಬುದ್ಧಿ ಹೋಗಲಿಲ್ಲ. ಹೋಗಿದ್ದರೆ ಅವಳಿಗೆ ಸುಖವಿತ್ತು. ಶಿರವಾಳದ ನನ್ನ ಮನೆಗೇ ಕರೆದುಕೊಂಡು ಬಂದೆ. ಯಾದಗಿರಿಯಲ್ಲಿ ಅಂಗವಿಕಲರ ಶಿಬಿರ ನಡೆದಾಗ ಅವಳಿಗೆ ಅಂಗೈಯಗಲದ ಯಂತ್ರ ಕೊಟ್ಟರು. ಗಾಜಿನ ಮೇಲೆ ಚಿತ್ರಗಳು: ಲೋಟ, ತಟ್ಟೆ, ಹಾಸಿಗೆ. ಬೆರಳಿಟ್ಟರೆ ಅದು ಮಾತಾಡುತ್ತದೆ. ಆದರೆ ಹಿಂದಿಯಲ್ಲಿ, ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥ ಹುಡುಗಿಯ ಧ್ವನಿಯಲ್ಲಿ. ದಯವಿಟ್ಟು ನೀರು ಕೊಡುವಿರಾ ಎಂಬಂಥ ಹಿಂದಿ.

ಪಕ್ಕದ ಮನೆಯ ಹಸೀನಾಬಿ ಅದನ್ನು ಕೇಳಿ ಬಾಗಿಲಲ್ಲೇ ನಿಂತುಬಿಟ್ಟಳು. "ನಮ್ಮ ಮನ್ಯಾಗ ಹುಟ್ಟಾ ಉರ್ದು ಮಾತಾಡ್ತೀವಿ. ಇಷ್ಟು ಅದಬು-ಮರ್ಯಾದಿಲೆ ಯಾರೂ ನೀರು ಕೇಳಿಲ್ಲ ನೋಡಕ್ಕಾ. ಯಾರಿಕಿ ಬೇಗಂ?" ಎಂದಳು.

ನೀಲಿಗೆ ನಗು ಬರಲಿಲ್ಲ. ಅವಳು ಚಿತ್ರದ ಮೇಲೆ ಬೆರಳಿಟ್ಟು ಕೂಡಲೇ ಗೋಡೆಗೆ ಮುಖ ತಿರುಗಿಸುತ್ತಿದ್ದಳು, ನೀರು ಕೇಳಿದವಳು ತಾನಲ್ಲ ಎಂಬಂತೆ. ಆದರೂ ಕೇಳುತ್ತಿದ್ದಳು. ಬಾಯಾರಿದವರಿಗೆ ಬೇರೆ ದಾರಿ ಏನಿದೆ?

ನನ್ನ ಮೊಮ್ಮಗಳು ರೇಣುಕಾ ಸುರಪುರದ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕಂಡಕ್ಟರ್ ಟಿಕೆಟ್ ಹರಿಯುವ ಯಂತ್ರ, ಮೀಟರ್ ಓದುವವರ ಯಂತ್ರ, ಇಂಥ ಕೈಯಂತ್ರಗಳು ಕೆಟ್ಟರೆ ಅವಳ ಮುಂದೆ ಬರುತ್ತವೆ. ನೀಲಿಯ ಯಂತ್ರವನ್ನು ಬಿಚ್ಚಿ ಒಳಗೆ ಇಣುಕಿ ನೋಡಿದಳು, ದನದ ಹಲ್ಲು ನೋಡುವವರ ಹಾಗೆ.

"ಇದು ಕನ್ನಡ ಮಾತಾಡ್ತದ ಆಯಿ. ಒಳಗ ಒಂದು ಸಣ್ಣ ಭಾಷಾ ಕುಂದ್ರಸಬೇಕು."

"ಕನ್ನಡ ಯಾವಾಗ ಸಣ್ಣದಾತು?"

"ಕನ್ನಡ ಅಲ್ಲ. ಯಂತ್ರದ್ದು. ಒಳಗ ಒಬ್ಬಾಕಿ ಓದಾಕಿ ಕುಂತಂಗ ಅಂತ ತಿಳಕೊ. ನಾ ಚೀಟಿ ಬರದು ಕೊಟ್ರ ಓದಿ ಹಂಗ ಮಾಡ್ತಾಳ."

"ಹಂಗಾರ ಕುಂದ್ರಸು. ಯಾರು ಬ್ಯಾಡ ಅಂದಾರ?"

"ಆಕಿನ್ನ ಇದರೊಳಗ ತಯಾರು ಮಾಡಾಕ ಬರಂಗಿಲ್ಲ. ಜಾಗ ಇಲ್ಲ, ಬಲ ಇಲ್ಲ. ನನ್ನ ಲ್ಯಾಪ್‌ಟಾಪಿನ್ಯಾಗ ತಯಾರು ಮಾಡಿ ಇದಕ್ಕ ಹಾಕಬೇಕು. ಅದರ ಚಿಪ್ಪೇ ಬ್ಯಾರೆ, ಇದರ ಚಿಪ್ಪೇ ಬ್ಯಾರೆ."

ಇದಕ್ಕೆ ಕ್ರಾಸ್ ಕಂಪೈಲ್ ಎನ್ನುತ್ತಾರಂತೆ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು, ಆದರೂ ಇದು ನನಗೆ ಕೂಡಲೇ ತಿಳಿಯಿತು. ನಾನು ಎಷ್ಟು ಬಾಣಂತಿಯರಿಗೆ ಬುತ್ತಿ ಕಳಿಸಿಲ್ಲ? ಒಲೆ ನಮ್ಮದು, ಹೊಟ್ಟೆ ಅವಳದು. ಬಾಣಂತಿ ಎದ್ದು ಒಲೆ ಹಚ್ಚಲಾರಳು. ಆದ್ದರಿಂದ ನಮ್ಮ ಮನೆಯಲ್ಲಿ ಬೇಯಿಸಬೇಕು. ಆದರೆ ನಮ್ಮ ನಾಲಿಗೆಗೆ ಖಾರ ಹಾಕಿದರೆ ಅಲ್ಲಿ ಕೂಸಿಗೆ ಹೊಟ್ಟೆನೋವು. ಒಗ್ಗರಣೆ ಹಾಕುವಾಗ ಕಣ್ಣು ನಮ್ಮ ಬಾಣಲೆಯ ಮೇಲಿದ್ದರೂ ಮನಸ್ಸು ಅವಳ ಹೊಟ್ಟೆಯ ಮೇಲಿರಬೇಕು. ರೇಣುಕಾಗೆ ಹೀಗೆಂದು ಹೇಳಿದೆ. ಅವಳು, "ನಮ್ಮ ಕಾಲೇಜಿನ್ಯಾಗ ನೀನೇ ಕಲಸಿದ್ರ ಚೊಲೊ ಇತ್ತು" ಎಂದಳು. ಹೊಗಳಿಕೆ ಮುಂದೆ ಬಂದಾಗ ಹಿಂದೆ ಏನೋ ಕೆಟ್ಟದ್ದು ಇರುತ್ತದೆ. ಇತ್ತು.

"ಒಂದು ಮಾತದ ಆಯಿ. ಹೊಸಾದು ಹಾಕಬೇಕಂದ್ರ ಹಳೇದು ಅಳಿಸಬೇಕು. ನಕಲು ತಗದು ಇಟ್ಟೀನಿ. ಆದ್ರ ಹಾಕೂ ಮುಂದ ನಡುವ ಕರೆಂಟ್ ತಪ್ಪಿದ್ರ ಅದು ನಕಲೂ ತೊಗೊಳಂಗಿಲ್ಲ. ಕಲ್ಲಾಗ್ತದ."

ನಾನು ನೀಲಿಯ ಮುಖ ನೋಡಿದೆ. ಅವಳಿಗಿದ್ದದ್ದು ಅದೊಂದೇ ಬಾಯಿ. ಪರರ ಬಾಯಿಯಾದರೂ ಬಾಯಿ. ಅದೂ ಕಲ್ಲಾದರೆ ನೀರು ಬೇಕೆಂದು ಮಂಚ ಬಡಿಯುವುದೊಂದೇ ಉಳಿಯುತ್ತದೆ. ಬೇಡ ಬಿಡು ಎನ್ನಬೇಕೆಂದಿದ್ದೆ. ನೀಲಿ ಎಡಗೈಯಿಂದ ಯಂತ್ರವನ್ನು ರೇಣುಕಾಳ ಕಡೆ ನೂಕಿದಳು. ಬಾಯಿ ಅವಳದು, ತೀರ್ಮಾನವೂ ಅವಳದೇ.

ಭಾನುವಾರ ಬೆಳಿಗ್ಗೆ ಕೂತೆವು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು, ಗೋಡೆಯ ಕರೆಂಟಿನ ಮೇಲೇ ಅದರ ಜೀವ. ನಮ್ಮ ಗೋಡೆಯ ಸಾಕೆಟ್ಟು ಸಡಿಲ. ಪಿನ್ನು ಅಲುಗದಂತೆ ಎರಡು ಕೈಯಿಂದ ಒತ್ತಿ ಹಿಡಿಯುವ ಕೆಲಸ ನನಗೆ ಬಂತು. ಉಸಿರು ಬಿಗಿಹಿಡಿದು ನಿಂತೆ. ಮೂಗಿನ ತುದಿ ತುರಿಸಿತು. ಮನುಷ್ಯನ ಮೂಗು ತುರಿಸುವುದೇ ಇಂಥ ಹೊತ್ತಿಗೆ, ಇದನ್ನು ಯಾವ ಪಂಡಿತರೂ ಯಾಕೆ ವಿಚಾರ ಮಾಡಿಲ್ಲವೋ ಗೊತ್ತಿಲ್ಲ.

"ಆತು, ಬಿಡು" ಎಂದಳು ರೇಣುಕಾ. ನೀಲಿ ಬೆರಳಿಟ್ಟಳು. ಯಂತ್ರದ ಗಾಜು ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದಳು. ಕಪ್ಪು.

ರೇಣುಕಾ ಏನೇನೋ ಸಾಲುಗಳನ್ನು ಓದಿ ಹಣೆಗೆ ಕೈ ಹಚ್ಚಿದಳು. "ತಪ್ಪು ನಂದ ಆಯಿ. ಲ್ಯಾಪ್‌ಟಾಪಿಗೆ ಆಗೋದನ್ನ ತಯಾರು ಮಾಡಿ ಹಾಕೀನಿ. ಇದರ ಚಿಪ್ಪಿನ ಹೆಸರು ಬರಿಯೋದು ಮರತೀನಿ. ಕರೆಂಟ್ ತಪ್ಪಿಲ್ಲ, ಕಲ್ಲಾಗಿಲ್ಲ, ಮತ್ತ ಹಾಕಾಕ ಬರ್ತದ."

"ಬಾಣಂತಿ ಬುತ್ತಿ ನೀನೇ ಉಂಡಂಗಾತು" ಎಂದೆ.

ಮತ್ತೆ ತಯಾರು ಮಾಡಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ನೀಲಿ ಕಪ್ಪು ಗಾಜನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು. ನನ್ನ ಕಡೆ ನೋಡಿ ಬಾಯಿ ತೆರೆದಳು, ಮುಚ್ಚಿದಳು. ನೀರೋ, ಬೈಗುಳವೋ, ಸಮಾಧಾನವೋ ತಿಳಿಯಲಿಲ್ಲ. ಮೂರನ್ನೂ ಊಹಿಸಿ ಮೊದಲು ನೀರು ಕೊಟ್ಟೆ. ಕುಡಿಯಲಿಲ್ಲ.

ಎರಡನೆಯ ಸಲ ಗಾಜು ಬೆಳಗಿತು. ರೇಣುಕಾ ಮೊದಲೇ ನನ್ನಿಂದ ಆಡಿಸಿ ಫೋನಿನಲ್ಲಿ ಹಿಡಿದಿಟ್ಟಿದ್ದ ಒಂದೇ ಒಂದು ಮಾತು ಒಳಗಿತ್ತು. ನೀಲಿ ಬೆರಳಿಟ್ಟಳು. "ಅಕ್ಕಾ" ಎಂದಿತು ಯಂತ್ರ, ನನ್ನ ಧ್ವನಿಯಲ್ಲಿ. ಈ ಸಲ ನೀಲಿ ಗೋಡೆಗೆ ಮುಖ ತಿರುಗಿಸಲಿಲ್ಲ. ಹನ್ನೆರಡು ಸಲ ಒತ್ತಿದಳು. ಹನ್ನೆರಡು ಸಲವೂ ನಾನು ಓ ಎಂದೆ.

ಕಷ್ಟ ಮುಗಿಯಿತು ಎಂದುಕೊಂಡೆ. ಓದುವವಳು ಒಳಗೆ ಕೂತಾಗಿದೆ, ಇನ್ನು ಪ್ರತಿ ಮಾತಿಗೆ ಒಂದು ಚೀಟಿ ಸಾಕು, ಮತ್ತೆ ಅಳಿಸುವ ಗೊಡವೆ ಇಲ್ಲ ಎಂದು ರೇಣುಕಾ ಹೇಳಿದ್ದಳು. ಆದರೆ ಕೆಡುಕು ಮಾಡಿದ್ದು ಆ ಚಿಪ್ಪಲ್ಲ, ನಾನು.

ರೇಣುಕಾ ಮಾತುಗಳ ಪಟ್ಟಿ ಬರೆದುಕೊಂಡು ಬಂದಳು. ಹಸಿವು, ಚಹಾ, ಫ್ಯಾನ್, ಬಚ್ಚಲು ಎಲ್ಲವನ್ನೂ ಆಡಿದೆ. ಆಮೇಲೆ ಬಂತು: ಎದೆ ನೋಯುತ್ತಿದೆ, ದಮ್ಮು ಹತ್ತಿದೆ, ಜೀವಕ್ಕೆ ಹೇಗೋ ಆಗುತ್ತಿದೆ. ನಾನು ಫೋನಿನ ಮೇಲೆ ಕೈ ಮುಚ್ಚಿದೆ.

ನಮ್ಮ ಕಡೆ ಆಡದ ಮಾತುಗಳೇ ಆಡುವ ಮಾತುಗಳಿಗಿಂತ ಹೆಚ್ಚು. ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಅಕ್ಕಿ ಮುಗಿದರೆ ತುಂಬಿದೆ ಎನ್ನುತ್ತೇವೆ. ಹಾವು ಕಂಡರೆ ಹುಳ, ಮೈಮೇಲೆ ಸಿಡುಬಿನಂಥದು ಎದ್ದರೆ ಅಮ್ಮ. ಎಲ್ಲಿಗೆ ಹೊರಟರೂ ಬರ್ತೀನಿ ಎಂದೇ ಹೋಗುತ್ತೇವೆ. ಮುಸ್ಸಂಜೆಯಲ್ಲಿ ಅಸ್ತು ದೇವತೆಗಳು ಮನೆಯ ಮೇಲೆ ಹಾಯುತ್ತಾರೆ, ಕೆಳಗೆ ಕೇಳಿದ್ದಕ್ಕೆಲ್ಲ ಅಸ್ತು ಎನ್ನುತ್ತಾರೆ ಎಂದು ನಮ್ಮವ್ವ ಹೇಳಿದ್ದಳು. ಯಂತ್ರದ ಬಾಯಿ ಹಗಲು ಯಾವುದು ಸಂಜೆ ಯಾವುದು ಎಂದು ನೋಡುತ್ತದೆಯೇ?

"ನನ್ನ ಬಾಯಿಲೇ ನನ್ನ ತಂಗಿಗೆ ಕೇಡು ನುಡಸ್ತೀಯೇನು?"

"ಆಯಿ, ಬೇಕಾಗ್ತಾವ ಈ ಮಾತು."

"ಏನೂ ಬೇಕಾಗಂಗಿಲ್ಲ. ದಮ್ಮು ಹತ್ತಿದ್ರ ಫ್ಯಾನ್ ಹಚ್ಚು ಅಂದ್ರ ಸಾಕು. ನನಗ ತಿಳೀತದ."

ತಿಳಿಯಲಿಲ್ಲ. ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತಿದ್ದೆ. ಒಳಗಿಂದ "ಫ್ಯಾನ್ ಹಚ್ಚು" ಎಂದಿತು. ಫ್ಯಾನ್ ತಿರುಗುತ್ತಲೇ ಇತ್ತು. ಮತ್ತೆ "ಫ್ಯಾನ್ ಹಚ್ಚು". "ತಿರಗಾಕತ್ತದಲ್ಲ, ಕಣ್ಣಿಲ್ಲೇನು ನಿನಗ?" ಎಂದು ಕೂತಲ್ಲಿಂದಲೇ ಒದರಿದೆ. ಮತ್ತೆ. ಮತ್ತೆ. ಅದೇ ಗಟ್ಟಿ ಧ್ವನಿ, ಅದೇ ಏರು, ಒಂದು ಚೂರೂ ಸಣ್ಣಗಾಗಲಿಲ್ಲ. ಜೀವ ಹೋಗುವವರ ಧ್ವನಿ ಸಣ್ಣಗಾಗುತ್ತದೆ. ಯಂತ್ರದೊಳಗಿನ ನನ್ನ ಧ್ವನಿ ಸಣ್ಣಗಾಗುವುದನ್ನು ಕಲಿತಿರಲಿಲ್ಲ. ನನ್ನದೇ ಧ್ವನಿಗೆ ನನಗೇ ಸಿಟ್ಟು ಬಂದು, ಬೈಯಲೆಂದೇ ಎದ್ದೆ.

ನೀಲಿ ಬೆವರಿನಲ್ಲಿ ತೊಯ್ದಿದ್ದಳು. ತುಟಿ ನೀಲಿಗಟ್ಟಿತ್ತು. ಎಡಗೈ ಎದೆಗೂ ಫ್ಯಾನಿನ ಚಿತ್ರಕ್ಕೂ ಓಡಾಡುತ್ತಿತ್ತು.

ಹಸೀನಾಬಿಯ ಮಗನ ಆಟೋದಲ್ಲಿ ಶಹಾಪುರದ ದವಾಖಾನೆಗೆ ಒಯ್ದೆವು. ಡಾಕ್ಟರು, "ಯಾವಾಗಿನಿಂದ ನೋವು ಅಂದ್ರು?" ಎಂದು ಕೇಳಿದರು. ನೋವು ಅನ್ನಲಿಲ್ಲ, ಫ್ಯಾನ್ ಅಂದಳು ಎಂದು ಯಾವ ಮುಖದಿಂದ ಹೇಳಲಿ? ಹೇಳಿದೆ. ಅವರು ನನ್ನ ಮುಖ ನೋಡಿ ಏನೂ ಬರೆದುಕೊಳ್ಳಲಿಲ್ಲ.

ಉಳಿದಳು. ಮನೆಗೆ ಬಂದ ದಿನವೇ ರೇಣುಕಾಳನ್ನು ಕರೆಸಿ ಫೋನು ಹಿಡಿ ಎಂದೆ. ಎದೆ ನೋವು ಎಂದೆ. ದಮ್ಮು ಎಂದೆ. ಸಂಕಟ, ತಲೆ ತಿರುಗು, ಸಾಯ್ತೀನಿ, ಎಲ್ಲವನ್ನೂ ಒಂದೊಂದಾಗಿ, ಬಾಯಿ ಒಣಗುವವರೆಗೆ ಆಡಿದೆ. ಬೆಳಕಿರುವಾಗಲೇ ಮುಗಿಸಿದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ರೇಣುಕಾ ಮಾತಿಗೊಂದು ಸಾಲಿನಂತೆ ಬರೆದು ಹಾಕಿದಳು. ಅಷ್ಟೇ ಕೆಲಸ. ಅಷ್ಟನ್ನು ನಾನು ತಡೆದಿದ್ದೆ.

ಈಗ ನೀಲಿ ಒಂದು ಹೊಸ ಚಾಳಿ ಕಲಿತಿದ್ದಾಳೆ. ನಾನು ಹಿಟ್ಟು ನಾದುತ್ತಿರುತ್ತೇನೆ, "ದಮ್ಮು ಹತ್ತೇದ" ಎನ್ನುತ್ತದೆ ಒಳಗಿಂದ. ಹಿಟ್ಟಿನ ಕೈಯಲ್ಲೇ ಓಡುತ್ತೇನೆ. ಅವಳು ಆರಾಮಾಗಿ ಕೂತು ಬಾಗಿಲನ್ನೇ ನೋಡುತ್ತಿರುತ್ತಾಳೆ. ಮೊದಲ ಸಲ ಬೈದೆ. ಎರಡನೆಯ ಸಲವೂ ಬೈದೆ. ಮೂರನೆಯ ಸಲ ಅವಳ ಕಣ್ಣು ನೋಡಿದೆ. ಅದು ಆಟವಲ್ಲ. ಬೆರಳಿಟ್ಟರೆ ಮಾತು ಬರುತ್ತದೆ ಎಂದು ಅವಳಿಗೆ ಗೊತ್ತು. ಮಾತು ಬಂದರೆ ಮನುಷ್ಯರು ಬರುತ್ತಾರೋ ಇಲ್ಲವೋ ಎಂಬುದೇ ಅವಳಿಗೆ ಅನುಮಾನ. ಆ ಅನುಮಾನ ಹುಟ್ಟಿಸಿದವಳು ನಾನೇ.

"ಆ ಚಿತ್ರಾ ತಗದು ಬಿಡ್ಲೇನು ಆಯಿ? ದಿನಾ ಹೆದರಸ್ತಾಳ ನಿನ್ನ" ಎಂದಳು ರೇಣುಕಾ.

"ಬ್ಯಾಡ, ಇರ್ಲಿ. ಖರೇನ ಆಗೋ ದಿನಕ್ಕ ನನ್ನ ಕಾಲಿಗೆ ಓಡೋದು ರೂಢಿ ಇರ್ಲಿ" ಎಂದೆ.