ರಾಯಭಾರಿಯ ಹೆಂಡತಿಯ ಚಮಚ

ಜನ ಬೈದ ಒಂದು ಸಿನಿಮಾಕ್ಕೂ ಅದನ್ನು ಮೆಚ್ಚಿದ ಒಬ್ಬ ಹೆಂಗಸಿಗೂ ನಾನು ಋಣಿ.

ಅರವತ್ತರ ದಶಕದಲ್ಲಿ ಮದುವೆಯಾಗಿ ಮೈಸೂರಿನಿಂದ ಗುಜರಾತಿನ ಕೊಯಾಲಿಯ ತೈಲ ಶುದ್ಧೀಕರಣ ಕಾರ್ಖಾನೆಯ ಕಾಲೋನಿಗೆ ಬಂದಾಗ ನನಗೆ ಹಿಂದಿ, ಗುಜರಾತಿ ಎರಡೂ ಬಾರದು. ಪಕ್ಕದ ಮನೆಯ ಧಾರವಾಡದ ಅಕ್ಕನಿಗೂ ಅಷ್ಟಕ್ಕಷ್ಟೇ. ತರಕಾರಿಯವಳು ಏನಾದರೂ ಅಂದರೆ, "ಮಾತು ತಿಳೀದಿದ್ರ ಕೈ ನೋಡು, ತಂಗಿ," ಅನ್ನುತ್ತಿದ್ದರು.

ಒಮ್ಮೆ ಎರಡೂ ಮನೆಯವರು ಬರೋಡಾಕ್ಕೆ ಹೋಗಿ, ರಾಯಭಾರ ಕಚೇರಿಯೊಳಗಿನ ಗೂಢಚಾರರ ಹಿಂದಿ ಸಿನಿಮಾ ನೋಡಿದೆವು. ಬರೀ ಮಾತೆಂದು ಪತ್ರಿಕೆ ಮೊದಲೇ ಬರೆದಿತ್ತು. ಹಾಡಿಲ್ಲ, ಹೊಡೆದಾಟವಿಲ್ಲ ಎಂದು ಜನ ಸೀಟಿ ಹೊಡೆದರು. ವಾಪಸು ಬರುವಾಗ ಗಂಡಂದಿರು ಬಸ್ಸಿನುದ್ದಕ್ಕೂ ಗೊಣಗಿದರು.

"ಛಲೋ ಇತ್ತು," ಎಂದರು ಅಕ್ಕ ಒಬ್ಬರೇ. "ಔತಣದಾಗ ರಾಯಭಾರಿ ಹೇಂತಿ ಬರೇ ಚಮಚ ತಿರುವಕೋತ ಕುಂತಿದ್ಲು, ತುತ್ತು ಬಾಯಿಗೆ ಇಡಲಿಲ್ಲ. ಆಕಿ ಅಂಜ್ಯಾಳ ಅಂತ ನನಗ ಅಲ್ಲೇ ತಿಳೀತು."

ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕ ಬಿಸಿ ರೊಟ್ಟಿ, ಎಣಗಾಯಿ ತಂದು ನನ್ನ ಮುಂದಿಟ್ಟರು. "ಯಾರ ಮನಿ ಊಟಕ್ಕ ಹೋದ್ರೂ ನೀನೂ ಅನ್ನದಾಗ ಬರೇ ಬೆರಳು ಆಡಸ್ತಿ. ಉಣ್ಣು."

ತವರಿನ ನೆನಪಿನಲ್ಲಿ ಊಟ ಸೇರದ್ದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಅಳು ಬಂತು. ಅವರು ನನ್ನ ಮುಖ ನೋಡಲಿಲ್ಲ. ಕೊನೆಯ ತುತ್ತಿನ ತನಕ ನನ್ನ ಕೈಯನ್ನೇ ನೋಡುತ್ತ ಕೂತಿದ್ದರು.