ವತ್ಸಲಕ್ಕನ ಕಿಟಕಿ ಸೀಟು

ಹಾಡು ಶುರುವಾಗುವ ಮೊದಲು ವತ್ಸಲಕ್ಕ ಬಲಗೈಯನ್ನು ಮೈಕಿನ ಹತ್ತಿರ ತಂದು ಗಾಜಿನ ಬಳೆಗಳನ್ನು ಜೋರಾಗಿ ಕುಲುಕುತ್ತಿದ್ದರು. ಬಾಂಗೋ ನುಡಿಸುತ್ತಿದ್ದ ನನಗೆ ಅದೇ ಲಯ, ಅದೇ ಅಪ್ಪಣೆ. ಎಂಬತ್ತರ ದಶಕದಲ್ಲಿ ಜಯನಗರ, ಬನಶಂಕರಿಯ ಛತ್ರಗಳ ಮದುವೆ ರಿಸೆಪ್ಷನ್ ಎಂದರೆ ನಮ್ಮ ಶೇಷಣ್ಣನ ಆರ್ಕೆಸ್ಟ್ರಾ; ಆ ಆರ್ಕೆಸ್ಟ್ರಾ ಎಂದರೆ ವತ್ಸಲಕ್ಕ. ನಾನು ತಾಳ ತಪ್ಪಿದರೆ ವೇದಿಕೆಯ ಮೇಲೆಯೇ ತಿರುಗಿ, "ಏನೋ ರಾಮು, ಊಟದ ವಾಸನೆ ಬಂತಾ?" ಎನ್ನುತ್ತಿದ್ದರು. ಬಂದಿರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಅವರ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೊರಟುಹೋದ. ಹೋದವನು ಅವನು, ಶಿಕ್ಷೆ ಇವರಿಗೆ. "ಗಂಡ ಬಿಟ್ಟವರ ಕೈಲಿ ಮದುವೆ ಮನೇಲಿ ಹಾಡಿಸಿದ್ರೆ ಜನ ಒಪ್ಪಲ್ಲಮ್ಮ" ಎಂದು ಶೇಷಣ್ಣ ತಲೆ ತಗ್ಗಿಸಿ ಹೇಳಿ, ಬೇರೆ ಹುಡುಗಿಯನ್ನು ಕರೆತಂದರು. ನನಗೆ ಮೈಯೆಲ್ಲ ಉರಿಯಿತು. ವತ್ಸಲಕ್ಕ ಮಾತ್ರ ತ್ಯಾಗರಾಜನಗರದ ಬಾಡಿಗೆ ಮನೆಯಲ್ಲಿ ಕೂತು ಹಾಡು ಕಟ್ಟತೊಡಗಿದರು. "ಸ್ಟೇಜ್ ಕೊಡದಿದ್ರೆ ಬೇಡ ಕಣೋ, ಕ್ಯಾಸೆಟ್ ಮಾಡ್ತೀನಿ. ನೀನು ಬಾಂಗೋ ತಗೊಂಡು ಬಾ."

ಗಂಡ ಬಿಟ್ಟುಹೋದ ಕಥೆಯೇ ಎಲ್ಲ ಹಾಡುಗಳಲ್ಲೂ ಇತ್ತು. ಒಂದರಲ್ಲಿ ತನಗೊಬ್ಬಳಿಗೇ ಡಿಕಾಕ್ಷನ್ ಹಾಕಿಕೊಂಡು ಗಟ್ಟಿ ಕಾಫಿ ಕುಡಿಯುವ ಖುಷಿ, ಇನ್ನೊಂದರಲ್ಲಿ ಮಂಚದ ಮೇಲೆ ಅಡ್ಡಡ್ಡ ಮಲಗುವ ಸುಖ. ಮೊದಲ ಬದಿಯ ಕೊನೆಯಲ್ಲಿ ಒಂದೇ ಒಂದು ನಿಧಾನದ ಹಾಡು, ಅವನ ಕೆಮ್ಮು ಕೇಳಿಸದ ಬೆಳಗಿನ ಬಗ್ಗೆ. ಅವರು ಅದನ್ನು ಹಾಡುವಾಗ ನನ್ನ ಕಣ್ಣು ಒದ್ದೆಯಾಯಿತು. ಕ್ಯಾಸೆಟ್ ಮಗುಚಿ ಹಾಕಿದರೆ ಅಕಾರ್ಡಿಯನ್, ಬಾಂಗೋ ಎಲ್ಲ ಸೇರಿ ಕುಣಿತವೇ ಕುಣಿತ:

"ನಿನ್ನ ಸ್ಕೂಟರ್ ಹಿಂದಿನ ಸೀಟು ನೀನೇ ಒರೆಸಿಕೋ,
ನನ್ನ ಬಸ್ಸು ಬಂತು, ಕಿಟಕಿ ಪಕ್ಕ ಜಾಗ ಇದೆ!"

ಮೈಕ್ ಸಣ್ಣ ಸದ್ದನ್ನೂ ಹಿಡಿಯುತ್ತದೆಂದು ರೆಕಾರ್ಡಿಂಗ್‌ನಲ್ಲಿ ಗಾಯಕಿಯರು ಬಳೆ ತೆಗೆದಿಡುವುದು ವಾಡಿಕೆ. "ಮೇಡಂ, ಬಳೆ ತೆಗೀರಿ" ಎಂದರು ಸ್ಟುಡಿಯೋದ ಇಂಜಿನಿಯರ್. "ಗಂಡ ಹೋದಾಗ್ಲೇ ತೆಗೀಲಿಲ್ಲ, ನಿಮ್ಮ ಮೈಕಿಗೋಸ್ಕರ ತೆಗೀತೀನಾ? ಅವೂ ಹಾಡ್ಲಿ ಬಿಡಿ ಸಾರ್." ಕೊನೆಗೆ ಆ ಬಳೆಗಳಿಗೇ ಇನ್ನೊಂದು ಮೈಕ್ ಇಟ್ಟರು.

ಕ್ಯಾಸೆಟ್ ಹೊರಬಂದ ಮೇಲೆ ಸಿದ್ದಾಪುರದಿಂದ ಹೊಸಕೆರೆಹಳ್ಳಿಯವರೆಗೆ ಅಂಗಡಿಗಳಲ್ಲಿ, ಆಟೋಗಳಲ್ಲಿ ಅದೇ ಬಳೆ ಸದ್ದು. ಬನಶಂಕರಿಯ ಒಬ್ಬ ಮದುವೆ ಹುಡುಗಿ ಶೇಷಣ್ಣನಿಗೆ ಖಡಾಖಂಡಿತವಾಗಿ ಹೇಳಿದಳು: "ಆ ಅಕ್ಕಾನೇ ಹಾಡ್ಬೇಕು ಅಂಕಲ್. ಇಲ್ದಿದ್ರೆ ಆರ್ಕೆಸ್ಟ್ರಾನೇ ಬೇಡ." ಶೇಷಣ್ಣ ನನ್ನನ್ನು ಮುಂದಿಟ್ಟುಕೊಂಡು ವತ್ಸಲಕ್ಕನ ಬಾಗಿಲಲ್ಲಿ ನಿಂತರು. "ತಪ್ಪಾಯ್ತಮ್ಮ."

"ಕೂತ್ಕೊಳ್ಳಿ ಶೇಷಣ್ಣ. ಒಬ್ಬಳಿಗೆ ಹಾಕಿದ ಡಿಕಾಕ್ಷನ್, ನಿಮಗೆ ಕಾಫಿ ಸ್ವಲ್ಪ ನೀರಾಗಿರುತ್ತೆ" ಎಂದು ನಕ್ಕರು. ಹಾಡಲು ಒಪ್ಪಿಕೊಂಡರು.

ರಿಸೆಪ್ಷನ್‌ನಲ್ಲಿ ಅವರು ಬಳೆ ಕುಲುಕಿದ ಕೂಡಲೇ ಮುಂದಿನ ಸಾಲಿನಲ್ಲಿದ್ದ ಹುಡುಗಿಯ ಅಜ್ಜಿ ಕೈಯೆತ್ತಿ ತಮ್ಮ ಬಳೆಗಳನ್ನು ಕುಲುಕಿದರು. ಆಮೇಲೆ ಛತ್ರದ ಹೆಂಗಸರೆಲ್ಲ ಕುಲುಕಿದರು. ನನ್ನ ಬಾಂಗೋ ನನಗೇ ಕೇಳಿಸಲಿಲ್ಲ. ಮದುಮಗಳು ವೇದಿಕೆಯಿಂದ ಇಳಿದು ಬಂದು ಕುಣಿದಳು. ಅಷ್ಟು ಹೆಮ್ಮೆ ನನಗೆ ಮತ್ತೆ ಯಾವತ್ತೂ ಆಗಿಲ್ಲ. ಅಂದಿನಿಂದ ವತ್ಸಲಕ್ಕ ಇಲ್ಲದ ರಿಸೆಪ್ಷನ್ ಇರಲಿಲ್ಲ.

ಕೆಲವು ವರ್ಷಗಳ ನಂತರ ಅವರು ಮೈಸೂರಿನಲ್ಲಿ ಹಾಡಿನ ಕ್ಲಾಸ್ ನಡೆಸಲು ಹೊರಟರು. ಈಗ ಅವರಿಲ್ಲ, ಅದೇ ನಮ್ಮ ಕೊನೆಯ ಭೇಟಿ. ಬಸ್ ಸ್ಟ್ಯಾಂಡಿಗೆ ಬಿಡೋಣವೆಂದು ನಾನು ಸ್ಕೂಟರ್ ತಂದಿದ್ದೆ. ಅದನ್ನು ನೋಡಿ ನಗತೊಡಗಿದರು. "ಸ್ಕೂಟರ್ ಹಿಂದಿನ ಸೀಟಾ? ಬಾಂಗೋ ಬಾರಿಸಿದವನೇ ಹಾಡು ಮರೆತ್ಯಲ್ಲೋ!"

ಅವರ ಸೂಟ್‌ಕೇಸನ್ನು ಹಿಂದಿನ ಸೀಟಿಗೆ ಕಟ್ಟಿದೆ. ವತ್ಸಲಕ್ಕ ಬಸ್ ಸ್ಟ್ಯಾಂಡಿಗೆ ಹೋಗುವ ಸಿಟಿ ಬಸ್ ಹತ್ತಿ, ಕಿಟಕಿ ಪಕ್ಕ ಕೂತು, ಕೈ ಹೊರಗೆ ಚಾಚಿ ಬಳೆ ಕುಲುಕಿದರು. ನಾನು ಹಾರ್ನ್‌ನಲ್ಲಿ ತಾಳ ಹಾಕುತ್ತ ಆ ಬಸ್ಸಿನ ಹಿಂದೆಯೇ ಹೋದೆ.