ಮಿಸ್ತ್ರಿಯ ನಾಲಗೆ

ರಾಯಚೂರಿನ ನಮ್ಮ ಓಣಿಯ ಮಿಸ್ತ್ರಿ ಲಾರಿ ರಿಪೇರಿಯವರು. ಎಂಬತ್ತರ ದಶಕದಲ್ಲೊಮ್ಮೆ ಹತ್ತಿ ಮಿಲ್ಲಿನ ಸಾಹುಕಾರರು, ಗುಜರಾತಿನ ಕಛ್‌ನ ಉಪ್ಪಿನ ಬಯಲಲ್ಲಿ ಶರವೇಗದಿಂದ ಓಡಿಸಿದ್ದ ತಮ್ಮ ರೇಸ್ ಕಾರನ್ನು, ಅಂಟಿದ ಉಪ್ಪು ತೆಗೆದು ಬಣ್ಣ ಹೊಡೆಯಲು ಅವರಿಗೆ ಒಪ್ಪಿಸಿದರು.

ಓಣಿಯ ಬಾವಿಯ ನೀರು ಸವುಳು. ಮಿಸ್ತ್ರಿ ಡ್ರಮ್ಮುಗಳಲ್ಲಿ ಕೃಷ್ಣಾ ನದಿಯ ನೀರು ತರಿಸಿದರು. ಬಿಚ್ಚಿದ ಒಂದೊಂದು ಭಾಗವನ್ನೂ ತೊಳೆದು, ಇಳಿದ ನೀರನ್ನು ಬೆರಳಿನಿಂದ ನಾಲಗೆಗೆ ಹಚ್ಚಿಕೊಂಡು, “ಇನ್ನಾ ಉಪ್ಪದ” ಎನ್ನುವರು. ಮತ್ತೆ ತೊಳೆಯುವರು.

“ಹತ್ತು ದಿನ ಆತು. ಮ್ಯಾಲ ಬಣ್ಣ ಹೊಡೀರಿ, ಸಾಕು,” ಎಂದು ಸಾಹುಕಾರರು ರೇಗಿದರು.

“ಬಣ್ಣದ ಕೆಳಗ ಉಪ್ಪು ಸುಮ್ನ ಕೂಡಂಗಿಲ್ರೀ, ಕಬ್ಬಿಣ ತಿಂತದ,” ಎಂದರು ಮಿಸ್ತ್ರಿ.

ಮರುದಿನ ಕಾರಿನ ಚಾಸಿಯಿಂದ ಬೋಗುಣಿಗೆ ಇಳಿದ ನೀರಿನ ರುಚಿ ನೋಡಿದ ಮಿಸ್ತ್ರಿ, ಬೋಗುಣಿಯನ್ನೇ ಸಾಹುಕಾರರ ಮುಂದೆ ಹಿಡಿದರು. “ನೀವ ನೋಡ್ರಿ.”

ಸಾಹುಕಾರರು ಹಿಂಜರಿಯುತ್ತಲೇ ಬೆರಳದ್ದಿ ನಾಲಗೆಗಿಟ್ಟರು. “ಸಪ್ಪಗದಲ್ರೀ!”

ಸಪ್ಪಗಿದೆ ಎನ್ನಿಸಿಕೊಂಡು ಮಿಸ್ತ್ರಿಯಷ್ಟು ಬೀಗಿದವರನ್ನು ನಾನು ಮತ್ತೆ ಕಂಡಿಲ್ಲ.